ಅದೇ ಹನ್ನೊಂದು ಹಾಡು, ಬೇರೆ ಅಳತೆಗೋಲು: ಒಂದು ರಾಕ್ ಆಲ್ಬಮ್‌ನ ಪ್ರಕರಣ ಅಧ್ಯಯನ

ಒಂದು ರೆಕಾರ್ಡ್ ಕಂಪನಿ ತಾನೇ ಹಣ ಹಾಕಿ ಮಾಡಿಸಿದ ಆಲ್ಬಮ್ ಅನ್ನು ಬೇಡ ಎಂದು ಬಿಟ್ಟುಕೊಟ್ಟಿತು. ಕೆಲವೇ ತಿಂಗಳಲ್ಲಿ ಇನ್ನೊಂದು ಕಂಪನಿ ಅದನ್ನೇ ದುಡ್ಡು ಕೊಟ್ಟು ತೆಗೆದುಕೊಂಡಿತು. ತಮಾಷೆಯೆಂದರೆ ಎರಡೂ ಕಂಪನಿಗಳು ಒಂದೇ ದೊಡ್ಡ ಸಂಸ್ಥೆಯ ಒಡೆತನದಲ್ಲಿದ್ದವು. ಒಂದೇ ಮಾಲಿಗೆ ಒಂದೇ ಧಣಿ ಎರಡು ಸಲ ಹಣ ಕೊಟ್ಟ ಹಾಗಾಯಿತು. ಅಮೆರಿಕದ ರಾಕ್ ಲೋಕದಲ್ಲಿ ಈ ಕಥೆಯನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹೇಳಿಕೊಂಡು ನಗುತ್ತಿದ್ದಾರೆ. ದಡ್ಡ ಕಂಪನಿ, ಜಾಣ ಬ್ಯಾಂಡ್, ನಡುವೆ ಇಂಟರ್‌ನೆಟ್ ಬಂದು ಕಾಪಾಡಿತು ಅನ್ನುವುದು ಅದರ ಸಾರ.

ಈ ಸಾರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಂಪನಿ ಅಷ್ಟು ದಡ್ಡ ಕೆಲಸ ಮಾಡಲಿಲ್ಲ, ಇಂಟರ್‌ನೆಟ್ ಒಂದೇ ಕಾಪಾಡಲೂ ಇಲ್ಲ. ಬ್ಯಾಂಡ್ ತೆಗೆದುಕೊಂಡ ಕೆಲವು ತೀರ್ಮಾನಗಳು ಒಂದರ ಮೇಲೊಂದು ಕೂತು ಕೆಲಸ ಮಾಡಿದವು. ಅವುಗಳಲ್ಲಿ ಒಂದೆರಡಕ್ಕೆ ಬೆಲೆ ತೆತ್ತವರು ಬೇರೆಯವರು. ಆಲ್ಬಮ್ ಮಾಡಲು ಹೊರಟಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಈ ಭಾಗ ಜಾಸ್ತಿ ಉಪಯೋಗಕ್ಕೆ ಬರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಬ್ಯಾಂಡ್, ಕಲಾವಿದರು, ಆಲ್ಬಮ್, ಎರಡು ಕಂಪನಿಗಳು, ಯಾವುದರ ಹೆಸರನ್ನೂ ಹಾಕಿಲ್ಲ. ಊರು, ವರ್ಷ, ಆ ಕಾಲದ ವ್ಯವಹಾರ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ, ಅವಿಲ್ಲದೆ ನಡೆದದ್ದು ಅರ್ಥವಾಗುವುದಿಲ್ಲ. ಗೊತ್ತಿರುವವರು ಊಹಿಸಿಬಿಡುತ್ತಾರೆ, ಊಹಿಸಲಿ. ಹೆಸರು ಕಂಡ ತಕ್ಷಣ ಅಭಿಮಾನಿ ಒಂದು ಕಡೆ, ವಿರೋಧಿ ಒಂದು ಕಡೆ ನಿಂತುಬಿಡುತ್ತಾರಲ್ಲ, ಅದು ಬೇಡ ಅಂತ ಅಷ್ಟೇ.

ಹಿನ್ನೆಲೆ

ಬ್ಯಾಂಡ್ ಚಿಕಾಗೋದ್ದು. 1994ರಲ್ಲಿ ಶುರುವಾಯಿತು. ಇದರ ಮುಖ್ಯಸ್ಥನನ್ನು ಹಾಡುಗಾರ ಎಂದು ಕರೆಯೋಣ. ಆತ ಅದಕ್ಕೂ ಮೊದಲು ಇನ್ನೊಂದು ಬ್ಯಾಂಡ್‌ನಲ್ಲಿದ್ದ. ಹಳ್ಳಿಗಾಡಿನ ಕಂಟ್ರಿ ಹಾಡಿಗೆ ರಾಕ್ ಗಿಟಾರ್ ಸೇರಿಸಿ ಸಣ್ಣದೊಂದು ಪಂಥವನ್ನೇ ಹುಟ್ಟುಹಾಕಿದ ಗುಂಪು ಅದು. ಅದು ಒಡೆದ ಮೇಲೆ ಉಳಿದವರನ್ನು ಕಟ್ಟಿಕೊಂಡು ಈ ಬ್ಯಾಂಡ್ ಮಾಡಿದ. ಸ್ವಲ್ಪದರಲ್ಲೇ ಇನ್ನೊಬ್ಬ ಬಂದು ಸೇರಿದ. ಗಿಟಾರ್, ಪಿಯಾನೋ, ಕೀಬೋರ್ಡ್ ಯಾವುದು ಕೊಟ್ಟರೂ ನುಡಿಸುವವನು, ರೆಕಾರ್ಡಿಂಗ್ ಯಂತ್ರಗಳ ಒಳಹೊರಗೆಲ್ಲ ಬಲ್ಲವನು. ಇವನನ್ನು ಜೊತೆಗಾರ ಅನ್ನೋಣ. ಮುಂದಿನ ಆಲ್ಬಮ್‌ಗಳ ಧ್ವನಿ ಹೆಚ್ಚುಕಡಿಮೆ ಈ ಇಬ್ಬರ ಕೈಯಲ್ಲೇ ರೂಪುಗೊಂಡಿತು.

1999ರ ಆಲ್ಬಮ್‌ನಲ್ಲಿ ನಡೆದ ಒಂದು ಚಿಕ್ಕ ಘಟನೆಯಿಂದ ಈ ಪ್ರಕರಣ ಶುರುವಾಗುತ್ತದೆ ಎಂದು ನನ್ನ ಲೆಕ್ಕ. ಆಲ್ಬಮ್ ಚೆನ್ನಾಗಿದೆ, ಆದರೆ ರೇಡಿಯೋಗೆ ಹೋಗುವಂಥ ಹಾಡಿಲ್ಲ ಎಂದು ಕಂಪನಿ ಹೇಳಿತು. ಬ್ಯಾಂಡ್ ಒಪ್ಪಿಕೊಂಡಿತು. ಒಂದು ಹಾಡನ್ನು ರೇಡಿಯೋಗಾಗಿಯೇ ಬೇರೆಯಾಗಿ ಮಿಕ್ಸ್ ಮಾಡಿಸಿದರು, ಅಂದರೆ ಮುದ್ರಿಸಿದ ದನಿ, ವಾದ್ಯಗಳನ್ನು ಬೇರೆ ಹದದಲ್ಲಿ ಬೆರೆಸಿದರು. ಹಾಡು ಹಿಟ್ ಆಗಲಿಲ್ಲ. ಅಮೆರಿಕದಲ್ಲಿ ಆಲ್ಬಮ್‌ಗಳ ಮಾರಾಟ ಅಳೆಯುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 78ನೇ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ. ವಿಮರ್ಶಕರು ಮಾತ್ರ ಹೊಗಳಿದರು.

ಕಂಪನಿಯ ಮಾತು ಕೇಳಿ ಒಂದು ಹೆಜ್ಜೆ ಹಿಂದೆ ಇಟ್ಟರು, ಆದರೂ ಸಿಗಬೇಕಾದದ್ದು ಸಿಗಲಿಲ್ಲ. ಇದು ಮನಸ್ಸಿನಲ್ಲಿ ಉಳಿದುಬಿಡುವಂಥದ್ದು. ಎರಡು ವರ್ಷದ ನಂತರ ಅದೇ ಬೇಡಿಕೆ ಮತ್ತೆ ಬಂದಾಗ ಬ್ಯಾಂಡ್ ಯಾಕೆ ಅಷ್ಟು ಗಟ್ಟಿಯಾಗಿ ನಿಂತಿತು ಅನ್ನುವುದಕ್ಕೆ ಆದರ್ಶ ಗೀದರ್ಶ ಅಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಆ ಮದ್ದನ್ನು ಒಂದು ಸಲ ಕುಡಿದಾಗಿತ್ತು, ಕಾಯಿಲೆ ವಾಸಿಯಾಗಿರಲಿಲ್ಲ.

ಕಂಪನಿ ರೇಡಿಯೋ ರೇಡಿಯೋ ಎಂದು ಬಡಿದುಕೊಳ್ಳುತ್ತಿದ್ದುದಕ್ಕೂ ಕಾರಣವಿತ್ತು. 1996ರಲ್ಲಿ ಅಮೆರಿಕ ಹೊಸ ದೂರಸಂಪರ್ಕ ಕಾಯ್ದೆ ತಂದಿತು. ಇಡೀ ದೇಶದಲ್ಲಿ ಒಬ್ಬ ಮಾಲೀಕ ಎಷ್ಟು ರೇಡಿಯೋ ಕೇಂದ್ರ ಇಟ್ಟುಕೊಳ್ಳಬಹುದು ಎಂಬುದಕ್ಕಿದ್ದ ಮಿತಿ ಹೋಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಸಂಸ್ಥೆಯ ಕೈಗೆ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಬಂದವು. ಮೊದಲೆಲ್ಲ ಯಾವುದೋ ಊರಿನ ಯಾವನೋ ಡಿಜೆ ಇಷ್ಟಪಟ್ಟು ಒಂದು ವಿಚಿತ್ರ ಹಾಡು ಹಾಕಿ ಅದು ಹಬ್ಬುವುದಿತ್ತು. ಆ ದಾರಿ ಕಿರಿದಾಗುತ್ತಾ ಬಂತು. ದೊಡ್ಡ ಕಂಪನಿಗಳ ಖರ್ಚು ಹೆಚ್ಚು. ಒಂದು ಆಲ್ಬಮ್ ಹಣ ವಾಪಸ್ ತರಬೇಕಾದರೆ ಒಂದಾದರೂ ಹಾಡು ಎಲ್ಲ ಕೇಂದ್ರಗಳಲ್ಲೂ ಮತ್ತೆ ಮತ್ತೆ ಬರಬೇಕು. ಅವರ ಲೆಕ್ಕ ಅದು.

ಮಾಡಿದ ಬಗೆ

2000ದ ಕೊನೆಯ ಹೊತ್ತಿಗೆ ಹೊಸ ಆಲ್ಬಮ್‌ನ ಕೆಲಸ ಶುರುವಾಯಿತು. ಬಾಡಿಗೆ ಸ್ಟುಡಿಯೋಗೆ ಹೋಗಲಿಲ್ಲ. ಚಿಕಾಗೋದ ಉತ್ತರ ಭಾಗದಲ್ಲಿ, ಹಳೇ ಕಟ್ಟಡವೊಂದರ ವಿಶಾಲವಾದ ಮಹಡಿಯನ್ನು ತಮ್ಮದೇ ಜಾಗ ಮಾಡಿಕೊಂಡಿದ್ದರು. ವಾದ್ಯ, ಮೈಕು, ಯಂತ್ರ ಎಲ್ಲ ಅಲ್ಲೇ.

ಇದು ಮೊದಲ ದೊಡ್ಡ ತೀರ್ಮಾನ, ಮುಂದಿನ ಎಲ್ಲದಕ್ಕೂ ತಳಪಾಯ. ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಡುವ ಸ್ಟುಡಿಯೋದಲ್ಲಿ ಗಡಿಯಾರ ನೋಡುತ್ತಲೇ ನುಡಿಸಬೇಕು. ಮೊದಲು ಒಪ್ಪಿಗೆಯಾದದ್ದನ್ನೇ ಇಟ್ಟುಕೊಂಡು ಮುಂದಿನ ಹಾಡಿಗೆ ಹೋಗುತ್ತಾರೆ. ಇವರಿಗೆ ಆ ಅವಸರ ಇರಲಿಲ್ಲ. ಒಂದೇ ಹಾಡನ್ನು ಜೋರಾಗಿ ನುಡಿಸಿದರು, ಮೆಲ್ಲಗೆ ನುಡಿಸಿದರು, ಗಿಟಾರ್ ತೆಗೆದು ಕೀಬೋರ್ಡ್ ಹಾಕಿದರು, ತಾಳವನ್ನೇ ಬದಲಿಸಿದರು. 2022ರಲ್ಲಿ ಈ ಆಲ್ಬಮ್‌ನ ಇಪ್ಪತ್ತನೇ ವರ್ಷಕ್ಕೆಂದು ಹಳೇ ಟೇಪುಗಳನ್ನೆಲ್ಲ ಸೇರಿಸಿ ದೊಡ್ಡ ಪೆಟ್ಟಿಗೆಯೊಂದನ್ನು ತಂದರು. ಅದರಲ್ಲಿ ಒಂದೇ ಹಾಡಿನ ಹಲವು ರೂಪಗಳಿವೆ. ಕೇಳಿದರೆ ಗಾಬರಿಯಾಗುತ್ತದೆ. ಕೆಲವು ರೂಪಗಳು ಆಲ್ಬಮ್‌ಗೆ ಹೋದವಕ್ಕಿಂತ ಸಲೀಸಾಗಿವೆ, ರೇಡಿಯೋಗೆ ಹತ್ತಿರವಾಗಿಯೂ ಇವೆ. ಅಂದರೆ ಇವರಿಗೆ ಸರಳವಾಗಿ ನುಡಿಸಲು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಬೇಡ ಎಂದು ಬಿಟ್ಟರು.

ಎರಡನೇ ತೀರ್ಮಾನ ಡ್ರಮ್ಮರ್‌ನದು. ಶುರುವಿನಿಂದ ಜೊತೆಗಿದ್ದ ಡ್ರಮ್ಮರ್‌ನನ್ನು 2001ರ ಜನವರಿಯಲ್ಲಿ ಕೈಬಿಟ್ಟರು. ಹಾಡುಗಾರನಿಗೆ ಅಷ್ಟರಲ್ಲಿ ಇನ್ನೊಬ್ಬನ ಪರಿಚಯವಾಗಿತ್ತು. ಈತ ಬರೀ ಬೀಟ್ ಹಿಡಿಯುವವನಲ್ಲ, ಲೋಹದ ತುಂಡು, ಗಂಟೆ, ಕೈಗೆ ಸಿಕ್ಕಿದ ಸಾಮಾನನ್ನೆಲ್ಲ ತಾಳವಾದ್ಯ ಮಾಡಿಕೊಳ್ಳುವವನು. ಆತ ಬಂದ ಮೇಲೆ ಹಾಡುಗಳ ನಡಿಗೆಯೇ ಬದಲಾಯಿತು. ನೇರವಾಗಿ ನಾಲ್ಕು ಎಣಿಸಿ ಹೊರಡುತ್ತಿದ್ದ ಹಾಡು ತಡವರಿಸುತ್ತಾ, ತಟ್ಟಾಡುತ್ತಾ ಶುರುವಾಗತೊಡಗಿತು. ಸಂಗೀತದ ಲೆಕ್ಕದಲ್ಲಿ ಇದು ಸರಿಯಾದ ತೀರ್ಮಾನ, ಅನುಮಾನವೇ ಇಲ್ಲ. ಏಳು ವರ್ಷ ಜೊತೆಗೆ ವ್ಯಾನಿನಲ್ಲಿ ಊರೂರು ತಿರುಗಿದವನಿಗೆ ಅದು ಹೇಗನ್ನಿಸಿತು ಅನ್ನುವುದು ಬೇರೆ ಲೆಕ್ಕ.

ಮೂರನೆಯದು ಮಿಕ್ಸಿಂಗ್. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇಲ್ಲಿದೆ, ಕಂಪನಿ ಜೊತೆಗಿನ ಜಗಳದಲ್ಲಿ ಅಲ್ಲ.

ಹಾಡುಗಾರ ಮತ್ತು ಜೊತೆಗಾರ ಇಬ್ಬರೂ ತಿಂಗಳುಗಟ್ಟಲೆ ಒಂದರ ಮೇಲೊಂದು ಶಬ್ದ ಪೇರಿಸಿದ್ದರು. ಪಿಯಾನೋ, ಗಂಟೆ, ಗಿಟಾರ್‌ನ ಕಿರುಚಾಟ, ರೇಡಿಯೋದ ಗೊರಗೊರ, ಎಲ್ಲ. ಒಂದೊಂದು ಹಾಡಿನಲ್ಲೂ ಹತ್ತಾರು ಪದರ. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು? ಅದನ್ನು ತಾನೇ ಮಾಡುತ್ತೇನೆ ಎಂದು ಜೊತೆಗಾರ ಅಂದುಕೊಂಡಿದ್ದ, ಅದಕ್ಕೆ ತಕ್ಕ ಕೈಚಳಕವೂ ಅವನಿಗಿತ್ತು. ಆದರೆ ಮಾಡಿದವನಿಗೆ ತಾನು ಮಾಡಿದ್ದನ್ನು ಅಳಿಸುವುದು ಕಷ್ಟ. ಪ್ರತಿ ಪದರದ ಹಿಂದೆಯೂ ಒಂದು ರಾತ್ರಿಯ ಶ್ರಮ ಇರುತ್ತದಲ್ವಾ?

ಹಾಡುಗಾರ ಹೊರಗಿನ ಒಬ್ಬನ ಹೆಸರು ಸೂಚಿಸಿದ. ಚಿಕಾಗೋದ ಪ್ರಯೋಗಶೀಲ ಸಂಗೀತದ ವಲಯದಲ್ಲಿ ಹೆಸರು ಮಾಡಿದವನು, ಹೊಸ ಡ್ರಮ್ಮರ್‌ನ ಗೆಳೆಯ. ಅವನಿಗೆ ಇಡೀ ಆಲ್ಬಮ್ ಕೊಡಲಿಲ್ಲ. ಒಂದೇ ಹಾಡು ಕೊಟ್ಟರು, ಆಲ್ಬಮ್‌ನ ಮೊದಲ ಹಾಡು, ಎಲ್ಲಕ್ಕಿಂತ ಗೋಜಲಾಗಿದ್ದದ್ದು. ಆತ ಪದರಗಳನ್ನು ಬಿಡಿಸಿದ. ಎಲ್ಲವೂ ಒಟ್ಟಿಗೆ ಕೂಗುತ್ತಿದ್ದ ಕಡೆ ಒಂದು ಬಂದು ಹೋಗುವ ಹಾಗೆ, ಅದರ ಹಿಂದೆ ಇನ್ನೊಂದು ಬರುವ ಹಾಗೆ ಮಾಡಿದ. ಕೆಲವು ಕಡೆ ಪೂರ್ತಿ ಮೌನ ಬಿಟ್ಟ. ಕೇಳಿದ ಮೇಲೆ ಜೊತೆಗಾರನನ್ನು ಬಿಟ್ಟು ಉಳಿದವರೆಲ್ಲ ಒಪ್ಪಿದರು. ಆಲ್ಬಮ್ ಅವನ ಕೈಗೆ ಹೋಯಿತು.

ಒಂದು ಹಾಡು ಕೊಟ್ಟು ಪರೀಕ್ಷಿಸಿದ್ದು ಬಹಳ ಒಳ್ಳೇ ಪದ್ಧತಿ. ಮಾತಿನಲ್ಲಿ ವಾದ ಮಾಡುತ್ತಾ ಕೂತಿದ್ದರೆ ಅದು ಮುಗಿಯುತ್ತಿರಲಿಲ್ಲ. ಎರಡು ಮಿಕ್ಸ್ ಪಕ್ಕಪಕ್ಕ ಇಟ್ಟು ಕೇಳಿದಾಗ ಮುಗಿಯಿತು. ಆದರೆ ಆ ಹೊಸ ಮಿಕ್ಸಿಂಗ್‌ನಲ್ಲಿ ಬ್ಯಾಂಡ್‌ನವರು ನುಡಿಸಿದ್ದೇ ಎಷ್ಟೋ ಹೊರಗೆ ಹೋಯಿತು. ಅದರಲ್ಲಿ ಜೊತೆಗಾರನ ಪಾಲು ಸಾಕಷ್ಟಿತ್ತು.

ಸ್ಟುಡಿಯೋದಲ್ಲಿ ಆ ದಿನಗಳಲ್ಲಿ ಕ್ಯಾಮೆರಾ ಇತ್ತು. ಒಬ್ಬ ಛಾಯಾಗ್ರಾಹಕ ಬ್ಯಾಂಡ್ ಬಗ್ಗೆ ಕಪ್ಪುಬಿಳುಪು ಸಾಕ್ಷ್ಯಚಿತ್ರ ತೆಗೆಯುತ್ತಿದ್ದ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೇಗೆ ದಾಟಬೇಕು ಎಂಬ ಸಣ್ಣ ವಿಷಯಕ್ಕೆ ಹಾಡುಗಾರ ಮತ್ತು ಜೊತೆಗಾರ ಜಗ್ಗಾಡುವುದು ಅದರಲ್ಲಿದೆ. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಅರ್ಥವಾಗುತ್ತಿಲ್ಲ, ಆದರೂ ಜೊತೆಗಾರ ವಿಷಯ ಬಿಡುತ್ತಿಲ್ಲ. ಆಮೇಲೆ ಹಾಡುಗಾರ ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ. ಆತನಿಗೆ ಮೈಗ್ರೇನ್ ಇತ್ತು. ಬ್ಯಾಂಡ್ ಕಟ್ಟಿದವರು ಯಾರೇ ನೋಡಿದರೂ ಆ ದೃಶ್ಯದಲ್ಲಿ ತಮ್ಮ ಮುಖ ಕಾಣುತ್ತದೆ. ಜಗಳ ಹಾಡುಗಳ ನಡುವಿನ ಕೆಲವು ಸೆಕೆಂಡುಗಳದ್ದಲ್ಲ, ಕೊನೇ ಮಾತು ಯಾರದು ಅನ್ನುವುದರದ್ದು.

ಆಲ್ಬಮ್ ಮುಗಿದ ಸ್ವಲ್ಪ ದಿನಕ್ಕೇ, 2001ರ ಬೇಸಿಗೆಯಲ್ಲಿ, ಜೊತೆಗಾರನನ್ನು ಬ್ಯಾಂಡ್‌ನಿಂದ ಹೊರಗೆ ಕಳಿಸಿದರು. ಯಾಕೆ ಎಂಬುದಕ್ಕೆ ಇಬ್ಬರೂ ಮುಂದೆ ಕೊಟ್ಟ ವಿವರಣೆ ಬೇರೆ ಬೇರೆ. ಅದರಲ್ಲಿ ತೀರ್ಪು ಕೊಡಲು ನಾನು ಹೋಗುವುದಿಲ್ಲ.

ಕಂಪನಿ ಬೇಡ ಎಂದದ್ದು

2001ರ ಜೂನ್‌ನಲ್ಲಿ ಮುಗಿದ ಆಲ್ಬಮ್ ಕಂಪನಿಗೆ ಹೋಯಿತು. ಹನ್ನೊಂದು ಹಾಡು, ಸುಮಾರು 52 ನಿಮಿಷ. ಕಂಪನಿಗೆ ಹಿಡಿಸಲಿಲ್ಲ. ಬದಲಾವಣೆ ಕೇಳಿದರು. ಬ್ಯಾಂಡ್ ಆಗಲ್ಲ ಅಂದಿತು.

ಕಂಪನಿಯ ಒಳಗೆ ಆಗ ಏನಾಗುತ್ತಿತ್ತು ಅನ್ನುವುದನ್ನೂ ನೋಡಬೇಕು. ಅದೇ ವರ್ಷದ ಜನವರಿಯಲ್ಲಿ ಅದರ ಮಾತೃಸಂಸ್ಥೆ ಟೈಮ್ ವಾರ್ನರ್ ಇಂಟರ್‌ನೆಟ್ ಕಂಪನಿ ಎಓಎಲ್ ಜೊತೆ ಒಂದಾಗಿತ್ತು. ಆಗಿನ ಕಾಲಕ್ಕೆ ದಾಖಲೆ ಗಾತ್ರದ ವಿಲೀನ ಅದು. ವಿಲೀನದ ಬೆನ್ನಿಗೇ ಖರ್ಚು ಕಡಿಮೆ ಮಾಡುವ ಕೆಲಸ ಶುರುವಾಯಿತು, ಸಂಗೀತ ವಿಭಾಗದಲ್ಲಿ ನೂರಾರು ಜನರ ಕೆಲಸ ಹೋಯಿತು. ಈ ಬ್ಯಾಂಡ್ ಅನ್ನು ಇಷ್ಟಪಟ್ಟು ಬೆಂಬಲಿಸುತ್ತಿದ್ದ ಕಂಪನಿ ಮುಖ್ಯಸ್ಥನೂ ಅದೇ ಹೊತ್ತಿಗೆ ಜಾಗ ಬಿಟ್ಟ. ಉಳಿದವರು ಪ್ರತಿ ರೂಪಾಯಿಗೂ ಲೆಕ್ಕ ಕೊಡಬೇಕಾದವರು, ಅಲ್ಲಿ ಅದು ಡಾಲರ್ ಅನ್ನಿ. ಎರಡು ವರ್ಷದ ಹಿಂದೆ 78ನೇ ಸ್ಥಾನಕ್ಕೆ ನಿಂತ ಬ್ಯಾಂಡ್, ಈಗ ಅದಕ್ಕಿಂತಲೂ ವಿಚಿತ್ರವಾದ ಆಲ್ಬಮ್. ಅವರ ಕುರ್ಚಿಯಲ್ಲಿ ಕೂತು ನೋಡಿದರೆ ಬೇಡ ಅಂದದ್ದು ತಪ್ಪು ಲೆಕ್ಕವೇನಲ್ಲ. ಅವರ ಕೈಯಲ್ಲಿದ್ದ ಅಳತೆ ಒಂದೇ, ರೇಡಿಯೋ. ಆ ಅಳತೆಗೆ ಈ ಆಲ್ಬಮ್ ಸಿಗುತ್ತಿರಲಿಲ್ಲ. ಬಿಡುಗಡೆಯಾದ ಮೇಲೂ ಸಿಗಲಿಲ್ಲ, ಇದರ ಯಾವ ಹಾಡೂ ದೊಡ್ಡ ರೇಡಿಯೋ ಹಿಟ್ ಆಗಲಿಲ್ಲ.

ಬೇಡವಾದ ಆಲ್ಬಮ್‌ಗಳು ಸಾಮಾನ್ಯವಾಗಿ ಕಂಪನಿಯ ಕಪಾಟಿನಲ್ಲಿ ಕೊಳೆಯುತ್ತವೆ. ಹಣ ಹಾಕಿದವನು ಕಂಪನಿ, ಮಾಸ್ಟರ್ ಟೇಪ್, ಅಂದರೆ ಮೂಲ ಧ್ವನಿಮುದ್ರಣ, ಕಂಪನಿಯದು. ಹಾಡಿದವನು ಬೇರೆಲ್ಲಿಗೂ ಒಯ್ಯುವಂತಿಲ್ಲ. ಈ ಬ್ಯಾಂಡ್‌ಗೆ ಹಾಗಾಗಲಿಲ್ಲ. ಮ್ಯಾನೇಜರ್, ವಕೀಲರು ಕೂತು ಮಾತಾಡಿ, ಆಲ್ಬಮ್‌ನ ಹಕ್ಕಿನ ಸಮೇತ ಹೊರಗೆ ಬಂದರು. ಕಂಪನಿಗೂ ಕೈತೊಳೆದುಕೊಂಡರೆ ಸಾಕಾಗಿತ್ತು. ಕಥೆ ಹೇಳುವವರು ಇಲ್ಲಿ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಗೆಲುವು ಅನ್ನಿಸುತ್ತದೆ. ಮಾಸ್ಟರ್ ಕೈಗೆ ಬರದೇ ಇದ್ದಿದ್ದರೆ ಮುಂದೆ ನಡೆದ ಯಾವುದೂ ನಡೆಯುತ್ತಿರಲಿಲ್ಲ.

ನಮ್ಮಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಬಂದ ಮೇಲೆ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯ ಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಿಸಿ ಸಹಿ ಹಾಕಿಸಿಕೊಳ್ಳುವುದು ನಡೆಯುವುದಿಲ್ಲ. ಒಳ್ಳೆಯದೇ. ಆದರೆ ಅದು ಸಾಹಿತ್ಯ ಮತ್ತು ರಾಗದ ಮಾತು. ಧ್ವನಿಮುದ್ರಿಕೆ, ಅಂದರೆ ಮಾಸ್ಟರ್, ಬೇರೆಯೇ ಸೊತ್ತು. ಅದು ಯಾರದು ಎಂದು ಕರಾರಿನಲ್ಲಿ ಬರೆದದ್ದೇ ಕೊನೆ. ಆಡಿಯೋ ಕಂಪನಿಯ ಕಾಗದಕ್ಕೆ ಸಹಿ ಹಾಕುವ ನಮ್ಮ ಹುಡುಗರು ಎರಡನ್ನೂ ಒಂದೇ ಎಂದುಕೊಳ್ಳುವುದು ಸುಮಾರು ನಡೆಯುತ್ತದೆ.

ವೆಬ್‌ಸೈಟ್‌ಗೆ ಯಾಕೆ ಹಾಕಿದರು

ಆಲ್ಬಮ್ ಕೈಯಲ್ಲಿದೆ, ಕಂಪನಿ ಇಲ್ಲ. ಶರತ್ಕಾಲದ ಪ್ರವಾಸ ಎದುರಿಗಿದೆ. ಜನ ಟಿಕೆಟ್ ತೆಗೆದುಕೊಂಡು ಬಂದು ಕೇಳಿರದ ಹಾಡುಗಳನ್ನು ಕೇಳಬೇಕು. ಇನ್ನೊಂದು ಕಡೆ ಆಲ್ಬಮ್ ಆಗಲೇ ಲೀಕ್ ಆಗಿತ್ತು. ಕೆಟ್ಟ ಗುಣಮಟ್ಟದ ಎಂಪಿತ್ರೀ ಕೈಯಿಂದ ಕೈಗೆ ಓಡಾಡುತ್ತಿತ್ತು. ಜನ ಇಂಟರ್‌ನೆಟ್‌ನಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಆ ವರ್ಷದ ಜುಲೈನಲ್ಲಿ ಬಾಗಿಲು ಹಾಕಿತ್ತು, ಆದರೆ ಅದು ಕಲಿಸಿದ ಅಭ್ಯಾಸ ಬಿಟ್ಟು ಹೋಗಿರಲಿಲ್ಲ.

2001ರ ಸೆಪ್ಟೆಂಬರ್ 18ರಂದು ಬ್ಯಾಂಡ್ ಇಡೀ ಆಲ್ಬಮ್ ಅನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಿತು. ಯಾರು ಬೇಕಾದರೂ ಪುಕ್ಕಟೆ ಕೇಳಬಹುದು.

ಈಗ ಇದು ಮಾಮೂಲು. ಆಗ ಸಂಗೀತ ಕಂಪನಿಗಳೆಲ್ಲ ಪುಕ್ಕಟೆ ಸಂಗೀತದ ವಿರುದ್ಧ ಕೋರ್ಟಿಗೆ ಹೋಗಿದ್ದ ಹೊತ್ತು. ಬ್ಯಾಂಡ್ ಹೀಗೆ ಮಾಡಿದ್ದನ್ನು ಕ್ರಾಂತಿ ಎಂದು ಬರೆದವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ವ್ಯವಹಾರಜ್ಞಾನ. ಕದ್ದ ಕೆಟ್ಟ ಪ್ರತಿ ಹೇಗೂ ಓಡಾಡುತ್ತಿದೆ, ಅದರ ಬದಲು ಸರಿಯಾದ್ದನ್ನು ನಾವೇ ಕೇಳಿಸೋಣ. ಈ ಬ್ಯಾಂಡ್‌ಗೆ ಅನ್ನ ಹಾಕುತ್ತಿದ್ದದ್ದು ರೇಡಿಯೋ ಅಲ್ಲ, ಸಂಗೀತ ಕಛೇರಿಗಳು. ಟಿಕೆಟ್ ಮಾರಾಟವಾದರೆ ಬದುಕು ನಡೆಯುತ್ತದೆ. ಆ ಪ್ರವಾಸದಲ್ಲಿ, ಅಂಗಡಿಯಲ್ಲಿ ಇನ್ನೂ ಸಿಗದ ಆಲ್ಬಮ್‌ನ ಹಾಡುಗಳಿಗೆ ಜನ ದನಿ ಸೇರಿಸಿ ಹಾಡಿದರು.

ಆಲ್ಬಮ್ ಮೊದಲು ಬಿಡುಗಡೆಯಾಗಬೇಕಿದ್ದ ದಿನ ಸೆಪ್ಟೆಂಬರ್ 11. ಅವತ್ತು ನ್ಯೂಯಾರ್ಕ್‌ನಲ್ಲಿ ಏನಾಯಿತು ಎಂದು ಹೇಳಬೇಕಿಲ್ಲ. ಆಲ್ಬಮ್‌ನ ಮುಖಪುಟದಲ್ಲಿ ಚಿಕಾಗೋದ ಎರಡು ದುಂಡನೆಯ ಗೋಪುರ ಕಟ್ಟಡಗಳಿವೆ. ಒಂದು ಹಾಡಿನಲ್ಲಿ ಎತ್ತರದ ಕಟ್ಟಡಗಳು ಅಲುಗುವ ಮಾತು ಬರುತ್ತದೆ, ಇನ್ನೊಂದರ ಹೆಸರಿನಲ್ಲೇ ಅಮೆರಿಕದ ಬಾವುಟದ ಬೂದಿ ಇದೆ. ಎಲ್ಲವೂ ಆ ದಿನಕ್ಕೆ ತಿಂಗಳುಗಳ ಮೊದಲೇ ಬರೆದು ಮುಗಿಸಿದ್ದು. ಆದರೂ ಒಂದು ವಾರದ ನಂತರ ಕಂಪ್ಯೂಟರ್ ಮುಂದೆ ಕೂತು ಮೊದಲ ಸಲ ಕೇಳಿದವರಿಗೆ ಅದು ತಮ್ಮ ದುಃಖಕ್ಕೇ ಬರೆದ ಹಾಗೆ ಕೇಳಿಸಿತು. ಇದನ್ನು ಯಾವ ಮ್ಯಾನೇಜರ್ರೂ ಯೋಜಿಸಲಾರ, ಯಾರೂ ಕಲಿಯಲಾರರು. ಸುಮ್ನೆ ಹಾಗಾಯಿತು. ಆಲ್ಬಮ್ ಜನರ ಮನಸ್ಸಿನಲ್ಲಿ ಕೂತದ್ದರಲ್ಲಿ ಈ ಕಾಕತಾಳೀಯದ ಪಾಲೂ ಇದೆ ಎಂದು ಪ್ರಕರಣ ಓದುವವರು ನೆನಪಿಡಬೇಕು.

ಎರಡನೇ ಕಂಪನಿ

ಹಲವು ಕಂಪನಿಗಳು ಆಸಕ್ತಿ ತೋರಿದವು. 2001ರ ನವೆಂಬರ್‌ನಲ್ಲಿ ಬ್ಯಾಂಡ್ ಒಪ್ಪಂದ ಮಾಡಿಕೊಂಡದ್ದು ಅದೇ ಎಓಎಲ್ ಟೈಮ್ ವಾರ್ನರ್‌ನ ಇನ್ನೊಂದು ಸಣ್ಣ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಜೊತೆ.

ಈ ಲೇಬಲ್ ರಾಕ್‌ಗೆ ಹೆಸರಾದದ್ದಲ್ಲ. 1964ರಲ್ಲಿ ಕಡಿಮೆ ಬೆಲೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೊಡಲೆಂದು ಹುಟ್ಟಿದ್ದು. ಆಮೇಲೆ ಜಗತ್ತಿನ ನಾನಾ ಭಾಗದ ಸಂಗೀತವನ್ನು ಎಲ್‌ಪಿಗಳಲ್ಲಿ ತಂದಿತು. 1960ರ ದಶಕದಲ್ಲೇ ಕರ್ನಾಟಕ ಶಾಸ್ತ್ರೀಯ ಗಾಯನದ ಎಲ್‌ಪಿಯನ್ನು ಅಮೆರಿಕದ ಅಂಗಡಿಗಳಿಗೆ ಮುಟ್ಟಿಸಿದ ಸಂಸ್ಥೆ ಇದು. ಇಂಥ ಕಡೆ ಪ್ರಶ್ನೆ ಬೇರೆ. ಈ ತಿಂಗಳು ರೇಡಿಯೋದಲ್ಲಿ ಎಷ್ಟು ಸಲ ಬಂತು ಎಂದು ಕೇಳುವುದಿಲ್ಲ. ಹತ್ತು ವರ್ಷ ಕಳೆದ ಮೇಲೂ ಜನ ಇದನ್ನು ಹುಡುಕಿಕೊಂಡು ಬಂದು ಕೊಳ್ಳುತ್ತಾರಾ ಎಂದು ನೋಡುತ್ತಾರೆ. ಸಿಬ್ಬಂದಿ ಕಡಿಮೆ, ಖರ್ಚು ಕಡಿಮೆ, ಅವಸರ ಕಡಿಮೆ. ಅದೇ ಮಲ್ಲಿಗೆಯನ್ನು ಒಬ್ಬ ಮೊಳದ ಲೆಕ್ಕದಲ್ಲಿ ಮಾರುತ್ತಾನೆ, ಇನ್ನೊಬ್ಬ ತೂಕಕ್ಕೆ ಹಾಕುತ್ತಾನೆ, ಲಾಭ ನಷ್ಟ ಇಬ್ಬರಿಗೂ ಬೇರೆ ಬೇರೆಯೇ ಬರುತ್ತದೆ. ಒಬ್ಬ ಧಣಿ ಎರಡು ಸಲ ಹಣ ಕೊಟ್ಟ ಎಂದು ನಗುವವರು ಇದನ್ನು ಬಿಟ್ಟುಬಿಡುತ್ತಾರೆ. ಮೊದಲ ಲೇಬಲ್ ಮನಸ್ಸಿಲ್ಲದೆ ಇದನ್ನು ಬಿಡುಗಡೆ ಮಾಡಿದ್ದರೆ ಏನಾಗುತ್ತಿತ್ತು? ರೇಡಿಯೋ ಎತ್ತಿಕೊಳ್ಳುತ್ತಿರಲಿಲ್ಲ, ಎರಡು ತಿಂಗಳಿಗೆ ಪ್ರಚಾರದ ಹಣ ನಿಲ್ಲುತ್ತಿತ್ತು, ಇನ್ನೊಂದು ವಿಫಲ ಆಲ್ಬಮ್ ಎಂದು ಬರೆದುಕೊಳ್ಳುತ್ತಿದ್ದರು. ಬೇಡ ಎಂದದ್ದೇ ಬ್ಯಾಂಡ್‌ಗೆ ಉಪಕಾರವಾಯಿತು ಎಂದು ನನಗನ್ನಿಸುತ್ತದೆ.

ಬಿಡುಗಡೆ ಮತ್ತು ಸ್ವಾಗತ

2002ರ ಏಪ್ರಿಲ್ 23ರಂದು ಆಲ್ಬಮ್ ಅಂಗಡಿಗೆ ಬಂತು. ತಿಂಗಳುಗಟ್ಟಲೆ ಪುಕ್ಕಟೆ ಸಿಕ್ಕಿದ್ದ ಹಾಡುಗಳು. ಮೊದಲ ವಾರ ಸುಮಾರು 55,000 ಪ್ರತಿ ಮಾರಾಟ, ಬಿಲ್‌ಬೋರ್ಡ್‌ನಲ್ಲಿ 13ನೇ ಸ್ಥಾನ. ಅಲ್ಲಿಯವರೆಗೆ ಬ್ಯಾಂಡ್ ಕಂಡ ಅತಿ ಎತ್ತರದ ಸ್ಥಾನ ಅದು. ಮುಂದೆ ಮಾರಾಟ 5 ಲಕ್ಷ ದಾಟಿ ಗೋಲ್ಡ್ ಪ್ರಮಾಣಪತ್ರವೂ ಸಿಕ್ಕಿತು. ಪುಕ್ಕಟೆ ಕೇಳಿಸಿದ್ದರಿಂದ ಮಾರಾಟ ಹೆಚ್ಚಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಪುಕ್ಕಟೆ ಕೇಳಿಸಿದರೆ ಮಾರಾಟ ಬಿದ್ದೇ ಹೋಗುತ್ತದೆ ಎಂಬ ಅಂದಿನ ನಂಬಿಕೆ ಮಾತ್ರ ಇಲ್ಲಿ ನಿಲ್ಲಲಿಲ್ಲ.

ವಿಮರ್ಶೆ ಹೊಗಳಿಕೆಯ ಮಳೆಯೇ ಸುರಿಸಿತು. ಆಗ ಬೆಳೆಯುತ್ತಿದ್ದ ಪಿಚ್‌ಫೋರ್ಕ್ ಎಂಬ ಇಂಟರ್‌ನೆಟ್ ಸಂಗೀತ ಪತ್ರಿಕೆ ಹತ್ತಕ್ಕೆ ಹತ್ತು ಕೊಟ್ಟಿತು. ದಿ ವಿಲೇಜ್ ವಾಯ್ಸ್ ಪತ್ರಿಕೆ ವರ್ಷಕ್ಕೊಮ್ಮೆ ನಡೆಸುತ್ತಿದ್ದ ವಿಮರ್ಶಕರ ಮತದಾನದಲ್ಲಿ ವರ್ಷದ ಮೊದಲ ಸ್ಥಾನ. ಸಾಕ್ಷ್ಯಚಿತ್ರವೂ ಅದೇ ವರ್ಷ ತೆರೆಗೆ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಲ್ಬಮ್ ಅಂಗಡಿಗೆ ಬರುವ ಮೊದಲೇ ಅದರ ಕಥೆ ಬಂದಿತ್ತು. ತಿರಸ್ಕಾರಕ್ಕೊಳಗಾದ ಕೃತಿ ಎಂದು ಗೊತ್ತಿಲ್ಲದೆ ಅದನ್ನು ಕೇಳಿದ ವಿಮರ್ಶಕ ಆಗ ಅಮೆರಿಕದಲ್ಲಿ ಯಾರಿದ್ದರು? ಕಂಪನಿ ದಡ್ಡ ಎಂದು ತೋರಿಸಬೇಕಾದರೆ ಆಲ್ಬಮ್ ಶ್ರೇಷ್ಠ ಆಗಿರಲೇಬೇಕು. ನನಗೆ ಆಲ್ಬಮ್ ಇಷ್ಟ. ಆದರೂ ನಡುವಿನ ಒಂದೆರಡು ಹಾಡು ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನಿಸುತ್ತದೆ. 2002ರಲ್ಲಿ ಹಾಗೆ ಬರೆದವರು ಕಡಿಮೆ. ಹೊಗಳಿಕೆಯಲ್ಲಿ ಹಾಡಿಗೆ ಎಷ್ಟು, ಕಥೆಗೆ ಎಷ್ಟು ಎಂದು ಬಿಡಿಸುವುದು ಈಗಲೂ ಸುಲಭವಲ್ಲ. ಆದರೆ ಇಪ್ಪತ್ತು ವರ್ಷದ ನಂತರ, ಕಂಪನಿಯ ಕಥೆ ಗೊತ್ತೇ ಇಲ್ಲದ ಹುಡುಗರೂ ಇದನ್ನು ಕೇಳುತ್ತಿದ್ದಾರೆ. 2022ರ ಆ ಪೆಟ್ಟಿಗೆಗೆ ಮರುವರ್ಷ ಐತಿಹಾಸಿಕ ಆಲ್ಬಮ್ ವಿಭಾಗದಲ್ಲಿ ಗ್ರ್ಯಾಮಿಯೂ ಬಂತು.

ಉಳಿದ ಬಾಕಿ

ಎರಡು ಬಾಕಿಗಳು ಆಮೇಲೆ ಎದ್ದು ಬಂದವು.

ಮೊದಲನೆಯದು ಒಂದು ದನಿಯದು. ಬೇಹುಗಾರರಿಗೆ ಸಂದೇಶ ಕಳಿಸಲು ಎನ್ನಲಾಗುವ ಗುಪ್ತ ಶಾರ್ಟ್‌ವೇವ್ ರೇಡಿಯೋ ಕೇಂದ್ರಗಳಿವೆ. ಒಂದು ದನಿ ಅಂಕಿ, ಅಕ್ಷರಗಳನ್ನು ಗಂಟೆಗಟ್ಟಲೆ ಓದುತ್ತಿರುತ್ತದೆ. ಅವುಗಳ ಧ್ವನಿಮುದ್ರಣಗಳನ್ನು ಸಣ್ಣ ಬ್ರಿಟಿಷ್ ಸಂಸ್ಥೆಯೊಂದು ಸಂಗ್ರಹಿಸಿ ಸಿಡಿ ತಂದಿತ್ತು. ಅದರಲ್ಲಿನ ಒಬ್ಬ ಹೆಂಗಸಿನ ದನಿಯನ್ನು ಬ್ಯಾಂಡ್ ಒಂದು ಹಾಡಿನಲ್ಲಿ ಬಳಸಿತು, ಆಲ್ಬಮ್‌ನ ಹೆಸರನ್ನೂ ಅಲ್ಲಿಂದಲೇ ತೆಗೆದುಕೊಂಡಿತು. ಅನುಮತಿ ಪಡೆದಿರಲಿಲ್ಲ. ಆ ಸಂಸ್ಥೆ ಕೋರ್ಟಿಗೆ ಹೋಯಿತು, ಕೊನೆಗೆ ಹೊರಗೆ ರಾಜಿಯಾಯಿತು. ದೊಡ್ಡ ಕಂಪನಿ ಎದುರು ತಮ್ಮ ಹಕ್ಕಿಗಾಗಿ ಅಷ್ಟು ಎಚ್ಚರದಿಂದ ಮಾತಾಡಿದವರು ಸಣ್ಣ ಸಂಸ್ಥೆಯ ಹಕ್ಕಿನ ವಿಷಯದಲ್ಲಿ ಎಚ್ಚರ ತಪ್ಪಿದ್ದರು.

ಎರಡನೆಯದು ಜೊತೆಗಾರನದು. ಹೊರಬಿದ್ದ ಮೇಲೆ ಆತ ತನ್ನದೇ ಆಲ್ಬಮ್‌ಗಳನ್ನು ಮಾಡಿದ, ಬೇರೆಯವರ ಹಾಡುಗಳನ್ನು ಮುದ್ರಿಸಿಕೊಟ್ಟ. 2009ರಲ್ಲಿ ತನಗೆ ರಾಯಲ್ಟಿ ಬಾಕಿಯಿದೆ ಎಂದು ಹಾಡುಗಾರನ ಮೇಲೆ ದಾವೆ ಹೂಡಿದ. ಅದೇ ತಿಂಗಳು ತೀರಿಕೊಂಡ. ಆಗ ಅವನಿಗೆ 45 ವರ್ಷ.

ನಮ್ಮ ಬ್ಯಾಂಡ್‌ಗಳಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳಿದರೆ, ಪುಕ್ಕಟೆ ಕೇಳಿಸಿದ್ದನ್ನು ನಾನು ಕೊನೆಗೆ ಹೇಳುತ್ತೇನೆ. ಈಗ ಎಲ್ಲರೂ ಹಾಗೇ ಕೇಳಿಸುತ್ತಾರೆ, ಅದರಲ್ಲಿ ವಿಶೇಷ ಏನೂ ಉಳಿದಿಲ್ಲ. ಹಠ ಹಿಡಿದದ್ದನ್ನೂ ಹಾಗೇ ನಕಲು ಮಾಡಬೇಡಿ. ಏಳು ವರ್ಷ ಪ್ರವಾಸ ಮಾಡಿ ಕಟ್ಟಿಕೊಂಡ ಕೇಳುಗರು, ತಮ್ಮದೇ ಜಾಗ, ತಮ್ಮದೇ ಯಂತ್ರ, ಚೆನ್ನಾಗಿ ಮಾತಾಡಬಲ್ಲ ಮ್ಯಾನೇಜರ್ ಮತ್ತು ವಕೀಲ, ಇಷ್ಟೂ ಬೆನ್ನಿಗಿದ್ದದ್ದರಿಂದ ಅವರಿಗೆ ಆಗಲ್ಲ ಎನ್ನಲು ಆಯಿತು. ಮೊದಲ ಆಲ್ಬಮ್ ಮಾಡುತ್ತಿರುವ ನಾಲ್ಕು ಜನಕ್ಕೆ ಅದು ಆಗದೇ ಇರಬಹುದು. ಅಂಥವರು ರೆಕಾರ್ಡಿಂಗ್ ಶುರುವಾಗುವ ಮೊದಲು ಒಂದು ಸಂಜೆ ಕೂತು ಮೂರು ವಿಷಯ ಕಾಗದದಲ್ಲಿ ಬರೆದಿಟ್ಟರೆ ಸಾಕು. ಮಾಸ್ಟರ್ ಯಾರ ಹೆಸರಿನಲ್ಲಿ ಇರುತ್ತದೆ. ಮಿಕ್ಸಿಂಗ್‌ನಲ್ಲಿ ಭಿನ್ನಾಭಿಪ್ರಾಯ ಬಂದರೆ ಕೊನೇ ಮಾತು ಯಾರದು. ನಡುವೆ ಯಾರಾದರೂ ಬಿಟ್ಟು ಹೋದರೆ, ಅಥವಾ ಅವರನ್ನು ಬಿಟ್ಟರೆ, ಅಲ್ಲಿಯವರೆಗಿನ ಹಾಡುಗಳಲ್ಲಿ ಅವರ ಪಾಲು ಎಷ್ಟು. ಮೂರನೆಯದನ್ನು ಗೆಳೆಯರು ಬರೆಯಲು ಹಿಂಜರಿಯುತ್ತಾರೆ, ಅದನ್ನೇ ಮೊದಲು ಬರೆಯಿರಿ.